ಘಾಟಿಯ ಆಲ್ಕೋ ಗೂಡ್ಸ್ ಗಾಡಿಗಳು: ಫೋಟೋ ತೆಗೆದವರು, ಓಡಿಸಿದವರು, ರಿಪೇರಿ ಮಾಡಿದವರು ಬರೀರಿ

ದೋಣಿಗಲ್ ನೆಗೆಟಿವ್

ಅಟ್ಟದ ಮೇಲಿಂದ ನೆಗೆಟಿವ್ ಡಬ್ಬಿ ಇಳಿಸಿ ಸ್ಕ್ಯಾನ್ ಮಾಡ್ತಾ ಕೂತಿದ್ದೀನಿ. ಅರ್ಧಕ್ಕರ್ಧ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯವು, ಮಿಕ್ಕಿದ್ದು ಗೋವಾ ಗಡಿಯ ಕ್ಯಾಸಲ್‌ರಾಕ್ ಘಾಟಿಯವು. ನಮ್ಮ ಘಾಟಿ ಲೈನು 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾಯ್ತು, 1996ರಲ್ಲಿ ಬ್ರಾಡ್ ಗೇಜ್ ಕೆಲಸಕ್ಕೆ ಅಂತ ಮುಚ್ಚಿತು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ 2007ರ ಕೊನೆಗೆ. ಹಾಗಾಗಿ ನನ್ನ ಡಬ್ಬಿಯಲ್ಲೂ ಅಷ್ಟೇ ದೊಡ್ಡ ತೂತು. ಒಂದು ಪಟ್ಟಿಯಲ್ಲಿ ಪುಟಾಣಿ ಮೀಟರ್ ಗೇಜ್ ಎಂಜಿನ್ ವೈಡಿಎಂ-4, ಅದರ ಮುಂದಿನ ಪಟ್ಟಿಯಲ್ಲೇ ಬ್ರಾಡ್ ಗೇಜ್ ಗೂಡ್ಸ್ ಎಂಜಿನ್ ಡಬ್ಲ್ಯೂಡಿಜಿ-3ಎ ಜೋಡಿ. ಎರಡೂ ಆಲ್ಕೋ, ಅಂದ್ರೆ ಅಮೆರಿಕದ ಆಲ್ಕೋ ಕಂಪನಿ ವಿನ್ಯಾಸದ ಡೀಸೆಲ್ ಎಂಜಿನ್.

ಇವತ್ತು ಹಾಕಿರೋ ಫೋಟೋ ಎಡಕುಮೇರಿ ಹತ್ತಿರದ್ದು. ಪಣಂಬೂರು ಬಂದರಿನಲ್ಲಿ ಅದಿರು ಸುರಿದು ಖಾಲಿ ಬಾಕ್ಸ್‌ಎನ್ (ಮೇಲೆ ಮುಚ್ಚಳ ಇಲ್ಲದ) ವ್ಯಾಗನ್ ಎಳ್ಕೊಂಡು ಮೇಲೆ ಬರ್ತಿರೋ ಗಾಡಿ. ಎರಡೂ ಆಲ್ಕೋ ಬಾಯಿ ತೆರೆದು ಹೊಗೆ ಉಗುಳ್ತಿವೆ, ಹಿಂದೆ ಬೆಳ್ಳಗೆ ಮಂಜು. ಮಂಜಿನ ಬೆಳಕಿಗೆ ಕ್ಯಾಮೆರಾ ಮೀಟರ್ ಮೋಸ ಹೋಗುತ್ತೆ. ಅದು ಹೇಳಿದ ಹಾಗೆ ಕೇಳಿದ್ರೆ ಎಲ್ಲಾ ಬೂದಿ ಬಣ್ಣ. ಅದಕ್ಕೆ ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಎರಡರಷ್ಟು ಬೆಳಕು ಬಿಟ್ಟು ಹೊಡೆದದ್ದು. ಹೊಗೆಯ ಒಂದೊಂದು ಸುರುಳಿಯೂ ಬಿಡಿಬಿಡಿಯಾಗಿ ಸಿಕ್ಕಿದೆ. ನನ್ನ ಇಡೀ ಸಂಗ್ರಹದಲ್ಲಿ ಇದಕ್ಕಿಂತ ಚಂದದ ಫೋಟೋ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಆಲ್ಕೋ ಕಾಲದಲ್ಲಿ ಗೂಡ್ಸ್ ಗಾಡಿ ಜೊತೆ ಕೆಲಸ ಮಾಡಿದವರು, ಅದರ ಹಿಂದೆ ಅಲೆದವರು ಇಲ್ಲಿದ್ರೆ ದಯವಿಟ್ಟು ನೆನಪಿದ್ದಷ್ಟು ಬರೀರಿ.

ಶೆಡ್ ಕಾಕಾ, ಹುಬ್ಬಳ್ಳಿ

ಫೋಟೋ ಭಾಳ ಚಲೋ ಬಂದೈತ್ರಿ, ಅದರಾಗ ಎರಡು ಮಾತಿಲ್ಲ. ಆದ್ರ ನಿಮಗ ಚಂದ ಕಾಣೋ ಆ ಕರಿ ಹೊಗಿ ನಮಗ ಎಂಜಿನ್ ರಿಪೇರಿ ಶೆಡ್ಡಿನ್ಯಾಗ ಮಾನ ಕಳಿಯೋ ವಸ್ತು. ಎಂಜಿನ್ ಹೊಗಿ ಬಿಡ್ತೈತಿ ಅಂತ ಲಾಗ್ ಬುಕ್ಕಿನ್ಯಾಗ ಡ್ರೈವರ್ ಬರದ್ರ ಮುಗೀತು, ಮರುದಿನ ಫೋರ್‌ಮನ್ ಎಲ್ಲಾರನ್ನೂ ಸಾಲಾಗಿ ನಿಂದ್ರಸ್ತಿದ್ರು.

ಹೊಗಿ ಯಾಕ ಬರ್ತೈತಿ ಹೇಳ್ತೀನಿ ಕೇಳ್ರಿ. ಆಲ್ಕೋ 251 ಎಂಜಿನ್‌ಗೆ ಗಾಳಿ ತುಂಬೋದು ಟರ್ಬೋ. ಆ ಟರ್ಬೋ ತಿರಗೋದು ಎಂಜಿನ್ ಬಿಟ್ಟ ಹೊಗಿಯಿಂದನ. ಡ್ರೈವರ್ ನಾಚ್ (ಎಂಜಿನ್ ಜೋರು ಮಾಡೋ ಹ್ಯಾಂಡಲ್ಲಿನ ಮೆಟ್ಟಲು, ಎಂಟನೇದು ಎಲ್ಲಾಕ್ಕಿಂತ ಜೋರು) ಎಳದ ಅಂದ್ರ ಎಣ್ಣಿ ಅಳತಿ ನೋಡ್ಕೊಳ್ಳೋ ಗವರ್ನರ್ ಆ ಕ್ಷಣಕ್ಕ ಡೀಸೆಲ್ ಎಣ್ಣಿ ಹೆಚ್ಚು ಮಾಡ್ತೈತಿ, ಟರ್ಬೋಕ್ಕ ವೇಗ ಹಿಡಿಯಾಕ ಮಾತ್ರ ಕೆಲವು ಸೆಕೆಂಡ್ ಬೇಕು. ಆ ನಡುವ ಎಣ್ಣಿ ಜಾಸ್ತಿ, ಗಾಳಿ ಕಮ್ಮಿ. ಸುಡದ ಉಳಿದ ಎಣ್ಣಿ ಮಸಿ ಆಗಿ ಹೊರಗ ಬರ್ತೈತಿ. ಅಷ್ಟಕ್ಕ ನಿಂತ್ರ ಅದು ಎಂಜಿನ್ನಿನ ಸ್ವಭಾವ, ನಾವು ತಲಿ ಕೆಡಿಸ್ಕೋತಿದ್ದಿಲ್ಲ. ಟರ್ಬೋ ವೇಗ ಹಿಡದ ಮ್ಯಾಲೂ ಕರಿ ಹೊಗಿ ನಿಲ್ಲಲಿಲ್ಲ ಅಂದ್ರ ಇಂಜೆಕ್ಟರ್ ನೋಡ್ಬೇಕು, ಏರ್ ಫಿಲ್ಟರ್ ನೋಡ್ಬೇಕು, ಟರ್ಬೋನ ಕೆಟ್ಟಿರಬಹುದು. ನೀಲಿ ಹೊಗಿ ಬಂದ್ರ ಲೂಬ್ ಆಯಿಲ್ ಸುಡಾಕತ್ತೈತಿ ಅಂತ ಅರ್ಥ, ಪಿಸ್ಟನ್ ರಿಂಗ್ ಅಥವಾ ಟರ್ಬೋ ಸೀಲ್ ಹೋಗಿರ್ತೈತಿ.

ಟರ್ಬೋ ಆರೋಗ್ಯ ನಾವು ಕಿವಿಯಿಂದ ನೋಡ್ತಿದ್ವಿ. ಎಂಜಿನ್ ಬಂದ್ ಮಾಡಿದ ಮ್ಯಾಲೂ ಟರ್ಬೋ ತನ್ನ ಪಾಡಿಗೆ ತಿರಗ್ತಿರ್ತೈತಿ. ಗಡಿಯಾರ ಹಿಡ್ಕೊಂಡು ಆ ಸುಂಯ್ ಅನ್ನೋ ಸಪ್ಪಳ ಎಷ್ಟೊತ್ತಿಗೆ ನಿಲ್ತೈತಿ ಅಂತ ಕೇಳ್ಬೇಕು. ಬೇಗ ನಿಂತ್ರ ಬೇರಿಂಗ್ ಹಿಡೀತು ಅಂತ ತಿಳ್ಕೊಬೇಕು. ಹೊಸ ಹುಡುಗೂರಿಗೆ ಮೊದಲ ಪಾಠ ಅದ. ನಾ ಯಾವ ಶೆಡ್ಡಿನ್ಯಾಗ ಇದ್ದೆ ಅಂತ ಮಾತ್ರ ಕೇಳಬ್ಯಾಡ್ರಿ, ಈಗ ಹುಬ್ಬಳ್ಳಿಯಾಗ ಆರಾಮ ಅದೀನಿ.

ದೋಣಿಗಲ್ ನೆಗೆಟಿವ್

ಕಾಕಾ, ನಮಸ್ಕಾರ. ನೀವು ಬರೆದದ್ದು ಓದಿ ನನ್ನ ಫೋಟೋವನ್ನೇ ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. ಮುಂದಿನ ಎಂಜಿನ್ ಹೊಗೆ ದಟ್ಟ ಕಪ್ಪು, ಎರಡನೆಯದರದ್ದು ಸ್ವಲ್ಪ ತೆಳು. ಒಂದೇ ನಾಚ್‌ನಲ್ಲಿರೋ ಜೋಡಿ ಎಂಜಿನ್‌ಗಳಲ್ಲಿ ಹೀಗೆ ವ್ಯತ್ಯಾಸ ಬರೋದು ಯಾಕೆ? ಎರಡನೆಯದು ಹೊಸದಾಗಿ ಶೆಡ್‌ನಿಂದ ಬಂದಿತ್ತಾ?

ಶೆಡ್ ಕಾಕಾ, ಹುಬ್ಬಳ್ಳಿ

ಇರಬಹುದು. ಒಂದು ಫೋಟೋ ನೋಡಿ ರೋಗ ಹೇಳಾಕ ಬರಂಗಿಲ್ಲ ತಮ್ಮಾ. ಮುಂದಿಂದು ಲೋಡ್ ಬಾಕ್ಸಿಗೆ ಹಾಕಿ ನೋಡಿದ್ರ ಹೇಳ್ತಿದ್ದೆ. ಗಾಡಿ ಎಳೀದ ನಿಂತಲ್ಲೇ ಎಂಜಿನ್ನಿನ ಕರೆಂಟನ್ನ ದೊಡ್ಡ ರೆಸಿಸ್ಟೆನ್ಸಿಗೆ ಕೊಟ್ಟು ಎಂಟನೇ ನಾಚ್ ತನಕಾ ಓಡಿಸಿ ನೋಡೋದಕ್ಕ ಲೋಡ್ ಬಾಕ್ಸ್ ಅಂತಾರ. ಅಲ್ಲಿ ಯಾವ ಎಂಜಿನ್ ಸುಳ್ಳು ಹೇಳಾಕ ಬರಂಗಿಲ್ಲ.

ಎಂಟನೇ ನಾಚ್

ನಾನು ಡೀಸೆಲ್ ಅಸಿಸ್ಟೆಂಟ್ ಆಗಿ ಸೇರಿ ಗೂಡ್ಸ್ ಡ್ರೈವರ್ ಆಗಿ ನಿವೃತ್ತನಾದವನು. ಎರಡೂ ಘಾಟಿ ಗೊತ್ತು. ಕಾಕಾ ಹೇಳಿದ್ದು ಶೆಡ್ಡಿನ ಲೆಕ್ಕ, ಫೋಟೋದವರದ್ದು ಕಣ್ಣಿನ ಲೆಕ್ಕ. ಹೊಗೆಗೆ ಇನ್ನೊಂದು ಲೆಕ್ಕ ಇದೆ, ಅದು ಸುರಂಗದೊಳಗಿಂದು.

ಸಕಲೇಶಪುರ ಘಾಟಿಯಲ್ಲಿ 57 ಸುರಂಗ. 50ಕ್ಕೆ 1ರ ಏರು, ಅಂದ್ರೆ 50 ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ. ಭರ್ತಿ ಗಾಡಿ ಮೇಲೆ ಬರುವಾಗ ಹಿಂದುಗಡೆ ಬ್ಯಾಂಕರ್ ಎಂಜಿನ್ ತಳ್ಳುತ್ತಿರುತ್ತೆ. ಮುಂದಿನ ಎಂಜಿನ್‌ಗಳು ಸುರಂಗದೊಳಗೆ ಬಿಟ್ಟ ಹೊಗೆ ಎಲ್ಲಿಗೆ ಹೋಗುತ್ತೆ ಹೇಳಿ? ಅಲ್ಲೇ ನಿಂತಿರುತ್ತೆ. ಇಡೀ ಗಾಡಿ ಅದರೊಳಗೆ ತೆವಳಿ ಕೊನೆಗೆ ಬ್ಯಾಂಕರ್‌ನಲ್ಲಿರೋ ನಾವು ಒಳಗೆ ಹೋಗ್ತೀವಿ. ಕಿಟಕಿ ಮುಚ್ಚಿದ್ರೆ ಕ್ಯಾಬ್ ಕಾವಲಿ, ತೆಗೆದ್ರೆ ಕಣ್ಣಲ್ಲಿ ನೀರು. ಟವೆಲ್ ಒದ್ದೆ ಮಾಡಿ ಮೂಗಿಗೆ ಕಟ್ಕೊಂಡು ಕೂರ್ತಿದ್ವಿ. ಮನುಷ್ಯರಿಗಷ್ಟೇ ಅಲ್ಲ, ನಮ್ಮ ಎಂಜಿನ್ನೂ ಅದೇ ಬಿಸಿ ಹೊಗೆ ಉಸಿರಾಡಬೇಕು. ಗಾಳಿ ಸಾಲದೆ ಅದೂ ಕಪ್ಪು ಉಗುಳೋಕೆ ಶುರು ಮಾಡುತ್ತೆ. ಹಾಟ್ ಎಂಜಿನ್ ಅಲಾರಂ ಹೊಡ್ಕೊಂಡ್ರೆ ಸುರಂಗದ ಮಧ್ಯದಲ್ಲಿ ನಿಲ್ಲಿಸೋಕೂ ಆಗಲ್ಲ, ಎಳೆಯೋಕೂ ಧೈರ್ಯ ಸಾಲಲ್ಲ.

ಬ್ಯಾಂಕರ್ ಡ್ರೈವರ್‌ಗೆ ಮುಂದೆ ಸಿಗ್ನಲ್ ಕಾಣಲ್ಲ, ಕಾಣೋದು ಗಾರ್ಡ್ ಕೂರೋ ಬ್ರೇಕ್ ವ್ಯಾನ್ ಹಿಂಬದಿ ಒಂದೇ. ವಾಕಿಟಾಕಿ ಬರೋ ಮುಂಚೆ ಎಲ್ಲಾ ಸೀಟಿ ಮೇಲೆ. ಮುಂದಿನವರು ಸೀಟಿ ಹಾಕಬೇಕು, ನಾವು ಉತ್ತರ ಕೊಡಬೇಕು, ಆಮೇಲೆ ನಾಚ್. ಮುಂದಿನವರು ಅವಸರ ಮಾಡಿ ಎಳೆದ್ರೆ ಕಪ್ಲಿಂಗ್ ಕಟ್. ಹಿಂದಿನವರು ಅವಸರ ಮಾಡಿ ತಳ್ಳಿದ್ರೆ ತಿರುವಿನಲ್ಲಿ ಖಾಲಿ ವ್ಯಾಗನ್ ಹಳಿ ಬಿಟ್ಟು ಎದ್ದೇಳುತ್ತೆ.

ಇಳಿಯೋದು ಏರೋದಕ್ಕಿಂತ ಕಷ್ಟ. ಕ್ಯಾಸಲ್‌ರಾಕ್‌ನಿಂದ ಕುಲೆಂವರೆಗೆ 26 ಕಿಲೋಮೀಟರ್, 37ಕ್ಕೆ 1. ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ಪರೀಕ್ಷೆ ಆಗದೆ ಯಾವ ಗಾಡಿಯೂ ಕೆಳಗೆ ಇಳಿಯೋ ಹಾಗಿಲ್ಲ. ಇಳಿಜಾರಿನಲ್ಲಿ ಡೈನಮಿಕ್ ಬ್ರೇಕ್ ಹಾಕಿದ್ರೆ ಚಕ್ರ ತಿರುಗಿಸೋ ಮೋಟಾರುಗಳೇ ಜನರೇಟರ್ ಆಗ್ತವೆ, ಅದರ ಕರೆಂಟು ಗ್ರಿಡ್ ಅನ್ನೋ ರೆಸಿಸ್ಟೆನ್ಸ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಅದು ಕೈಕೊಟ್ಟರೆ ಇಡೀ ಗಾಡಿಗೆ ಬ್ರೇಕ್ ಹಾಕೋ ಎ-9 ಹ್ಯಾಂಡಲ್ ಒಂದೇ ಗತಿ. ಅದನ್ನೂ ಪದೇ ಪದೇ ಬಳಸಿದ್ರೆ ಬ್ರೇಕ್ ಬ್ಲಾಕ್ ಕಾದು ಹಿಡಿತ ಹೋಗುತ್ತೆ. ಅದೂ ಸಾಲದಿದ್ರೆ ಅಂತ ಗಾಡಿಯನ್ನ ಏರಿನ ಕಡೆ ಹತ್ತಿಸಿ ನಿಲ್ಲಿಸೋ ಕ್ಯಾಚ್ ಸೈಡಿಂಗ್ ಇದೆ. ನಾನು ಅದರ ಮೇಲೆ ಹತ್ತಿಲ್ಲ, ಹತ್ತಿದವರು ಅದರ ಬಗ್ಗೆ ಮಾತಾಡೋದನ್ನೂ ಕೇಳಿಲ್ಲ.

ಮಳೆಗಾಲದಲ್ಲಿ ಮರಳು. ಹಳಿ ಮೇಲೆ ಎಲೆ ಬಿದ್ದು ಕೊಳೆತರೆ ಸೋಪು ಹಚ್ಚಿದ ಹಾಗೆ. ಚಕ್ರ ಜಾರೋ ದೀಪ ಹತ್ತಿದ ತಕ್ಷಣ ಮರಳು ಬಿಡಬೇಕು. ಪೈಪಿನಲ್ಲಿ ಮರಳು ಹಸಿಯಾಗಿ ಕಟ್ಕೊಂಡಿದ್ರೆ ಅಸಿಸ್ಟೆಂಟ್ ಇಳಿದು ಸುತ್ತಿಗೆಯಲ್ಲಿ ತಟ್ಟಬೇಕು. ರಾತ್ರಿ, ಮಳೆ, ಟಾರ್ಚು ಬಾಯಲ್ಲಿ ಕಚ್ಕೊಂಡು. ಆ ಕೆಲಸ ನನ್ನದೇ ಆಗಿತ್ತು ಬಹಳ ವರ್ಷ.

ಜಂಬೋ ಹುಡುಗ

ಸರ್, ಎಲ್ಲಾ ಓದಿದೆ, ಸೂಪರ್. ಆದ್ರೆ ಒಂದು ಮಾತು ಹೇಳ್ಲೇಬೇಕು. ಆಲ್ಕೋ ಅಂದ್ರೆ ಎಲ್ರೂ ಕಣ್ಣೀರು ಹಾಕ್ತಾರೆ, ಲೆಕ್ಕ ಯಾರೂ ನೋಡಲ್ಲ. ಹಳೇ ಆಲ್ಕೋ ಡಬ್ಲ್ಯೂಡಿಎಂ-2 ತಗೊಳ್ಳಿ, 2600 ಹಾರ್ಸ್ ಪವರ್, ನಿಂತಲ್ಲಿಂದ ಎಳೆಯೋ ಬಲ 30.4 ಟನ್. ಡಬ್ಲ್ಯೂಡಿಜಿ-3ಎ 3100, ಬಲ 37.9 ಟನ್. ಆಮೇಲೆ ಜಿಎಂ, ಅಂದ್ರೆ ಜನರಲ್ ಮೋಟಾರ್ಸ್ ಎಂಜಿನ್ ಬಂತು ನೋಡಿ, ಡಬ್ಲ್ಯೂಡಿಜಿ-4: 4000 ಹಾರ್ಸ್ ಪವರ್, 53 ಟನ್, ಎಸಿ ಮೋಟಾರ್. ಘಾಟಿಗೆ ಹೇಳಿ ಮಾಡಿಸಿದ ಎಂಜಿನ್ ಅದು. ಹೊಗೆನೂ ಕಮ್ಮಿ. ಸುರಂಗದಲ್ಲಿ ಒದ್ದೆ ಟವೆಲ್ ಕಟ್ಕೊಂಡವರು ಆಲ್ಕೋನ ಯಾಕೆ ಹೊಗಳ್ತೀರಾ ಅರ್ಥ ಆಗಲ್ಲ.

ಎಂಟನೇ ನಾಚ್

ಮರಿ, ನಾನು ಎಲ್ಲಿ ಹೊಗಳಿದೆ? ಇನ್ನೊಮ್ಮೆ ಓದು. ಜಿಎಂ ಬಂದ ಮೇಲೆ ಘಾಟಿ ಕೆಲಸ ಸಲೀಸಾಯ್ತು, ಅದು ನಿಜ. ಗೋವಾದ ಮುರಗಾಂವ್ ಬಂದರಿನಿಂದ ತೋರಣಗಲ್ಲಿಗೆ ಹೋಗೋ ಕಲ್ಲಿದ್ದಲು ಗಾಡಿ ಕ್ಯಾಸಲ್‌ರಾಕ್ ಘಾಟಿ ಹತ್ತೋದು ಸಣ್ಣ ಮಾತಲ್ಲ, ಆಲ್ಕೋ ಕಾಲದಲ್ಲಿ ಅಷ್ಟು ಭಾರ ಮೇಲೆ ತರೋದನ್ನ ನೆನೆಸ್ಕೊಂಡ್ರೆ ಈಗಲೂ ಬೆವರುತ್ತೆ. ಒಂದೇ ಒಂದು ವ್ಯತ್ಯಾಸ ಹೇಳ್ತೀನಿ. ಆಲ್ಕೋದಲ್ಲಿ ಏನಾದ್ರೂ ಕೆಟ್ರೆ ಕಾಡಿನ ಮಧ್ಯೆ ನಾವೇ ಏನೋ ಒಂದು ಮಾಡಿ ಮುಂದಿನ ಸ್ಟೇಷನ್‌ವರೆಗೆ ತರ್ತಿದ್ವಿ. ಕೆಟ್ಟ ಮೋಟಾರು ಐಸೊಲೇಟ್ ಮಾಡು, ರಿಲೇ ಬಿದ್ರೆ ಎತ್ತು, ಗವರ್ನರ್‌ಗೆ ಎಣ್ಣೆ ಹಾಕು. ಜಿಎಂನಲ್ಲಿ ಕಂಪ್ಯೂಟರ್ ಪರದೆ ಮೇಲೆ ಒಂದು ಸಾಲು ಬರುತ್ತೆ, ಅದನ್ನ ಫೋನಿನಲ್ಲಿ ಓದಿ ಹೇಳಿ ಕಾಯ್ಬೇಕು. ಯಾವುದು ಮೇಲು ಅಂತ ನಾನು ಹೇಳಲ್ಲ.

ಶೆಡ್ ಕಾಕಾ, ಹುಬ್ಬಳ್ಳಿ

ಹೊಸ ಜಿಎಂ ಅಮೆರಿಕದಿಂದ ಬಂದಾಗ ಮೊದಲು ಹುಬ್ಬಳ್ಳಿಗೇ ಕೊಟ್ರು. ಎರಡು ಸ್ಟ್ರೋಕಿನ ಎಂಜಿನ್, ಸಪ್ಪಳ ಬ್ಯಾರೇನ. ನಮ್ಮ ಮಂದಿ ಮೊದಮೊದಲು ಇದೇನ್ ಸಪ್ಪಳಾನೋ ಅಂತ ನಗ್ತಿದ್ರು.

ಜಂಬೋ ಹುಡುಗಾ, ನಿನ್ನ ಲೆಕ್ಕ ಖರೇ ಐತಿ. ಆದ್ರ ಆಲ್ಕೋ ನೋಡಿ ಕಲ್ತ ವಿದ್ಯಾ ದೊಡ್ಡದಿತ್ತು. ಶೆಡ್ಡಿನ್ಯಾಗ ಸ್ಪೆಕ್ಟ್ರೋ ಲ್ಯಾಬ್ ಅಂತ ಇರ್ತಿತ್ತು. ಎಂಜಿನ್ನಿನ ಲೂಬ್ ಆಯಿಲ್ ಒಂದು ಶೀಶೆದಾಗ ತಗೊಂಡು ಸುಟ್ಟು ನೋಡ್ತಿದ್ರು. ಮನಷ್ಯಾನ ರಕ್ತ ಪರೀಕ್ಷೆ ಇದ್ದಂಗ. ತಾಮ್ರ ಕಂಡ್ರ ಬೇರಿಂಗ್ ತಿನ್ನಾಕತ್ತೈತಿ, ಸಿಲಿಕಾನ್ ಕಂಡ್ರ ಫಿಲ್ಟರಿನ್ಯಾಗಿಂದ ಧೂಳ ಒಳಗ ಹೊಂಟೈತಿ, ಸೋಡಿಯಂ ಬೋರಾನ್ ಕಂಡ್ರ ತಂಪು ಮಾಡೋ ನೀರು ಎಣ್ಣಿಗೆ ಸೋರಾಕತ್ತೈತಿ. ಬಿಚ್ಚಿ ನೋಡೋಕಿಂತ ಮೊದಲ ಒಳಗ ಏನಾಗೇತಿ ಅಂತ ಹೇಳ್ತಿದ್ರು. ಹೊಸಪೇಟಿ, ಬಳ್ಳಾರಿ ಅದಿರಿನ ಲೈನಿನ ಎಂಜಿನ್ ಬಂತಂದ್ರ ಸಿಲಿಕಾನ್ ಕಾಲಂ ಮೊದಲು ನೋಡೋದು ನಮ್ಮ ರೂಢಿ ಆಗಿಬಿಟ್ಟಿತ್ತು, ಅಷ್ಟು ಕೆಂಪು ಧೂಳ.

ನಿರ್ವಾಹಕ

ಸಣ್ಣ ವಿನಂತಿ. ಎಡಕುಮೇರಿ, ದೂಧ್‌ಸಾಗರ್ ಕಡೆ ಹಳಿ ಮೇಲೆ ನಡೆದು ಫೋಟೋ ತೆಗೆಯೋದು ಹೇಗೆ ಅಂತ ಕೆಲವರು ಇನ್‌ಬಾಕ್ಸ್‌ಗೆ ಬರೀತಿದ್ದಾರೆ. ಅನುಮತಿ ಇಲ್ಲದೆ ಹಳಿ ಮೇಲೆ ಹೋಗೋದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಸುರಂಗದೊಳಗೆ ಗಾಡಿ ಬಂದ್ರೆ ನಿಲ್ಲೋಕೆ ಜಾಗ ಇರಲ್ಲ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಬೇಡಿ.

ಆಲ್ಬನಿಯಿಂದ ಹಾಸನದವನು

ನಾನು ಹಾಸನದವನು, ಈಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದ್ದೀನಿ. ಇಲ್ಲಿಂದ ಅರ್ಧ ಗಂಟೆ ಕಾರಿನ ದಾರಿ ಸ್ಕೆನೆಕ್ಟಡಿ. ನೀವೆಲ್ಲ ಮಾತಾಡ್ತಿರೋ ಆಲ್ಕೋ, ಅಂದ್ರೆ ಅಮೆರಿಕನ್ ಲೋಕೋಮೋಟಿವ್ ಕಂಪನಿ, ಇದ್ದ ಊರು. 1962ರಲ್ಲಿ ಭಾರತಕ್ಕೆ ಬಂದ ಮೊದಲ ಡಬ್ಲ್ಯೂಡಿಎಂ-2ಗಳು ಈ ಕಂಪನಿಯವು. 1964ರಿಂದ ವಾರಾಣಸಿಯಲ್ಲೇ ಮಾಡೋಕೆ ಶುರು ಮಾಡಿದ್ರು.

ತಮಾಷೆ ಏನಂದ್ರೆ ಆಲ್ಕೋದವರು ಇಲ್ಲಿ ಎಂಜಿನ್ ಮಾಡೋದನ್ನ 1969ರಲ್ಲೇ ನಿಲ್ಲಿಸಿದ್ರು. ಅವರ ವಿನ್ಯಾಸವನ್ನ ಅವರಿಗಿಂತ ದಶಕಗಟ್ಟಲೆ ಜಾಸ್ತಿ ಕಾಲ ಮಾಡಿದ್ದು ವಾರಾಣಸಿಯವರು. ಕಾರ್ಖಾನೆ ಇದ್ದ ಜಾಗದಲ್ಲಿ 2017ರಲ್ಲಿ ಕ್ಯಾಸಿನೊ ತೆರೆದರು. ಊರಿಂದ ಅಪ್ಪ ಬಂದಾಗ ಕರ್ಕೊಂಡು ಹೋಗಿ ತೋರಿಸಿದೆ. ಹಾಸನ ಸ್ಟೇಷನ್ ಹತ್ತಿರ ಬೆಳೆದವರು ಅವರು, "ಇಲ್ಲಿಂದ ಬಂದದ್ದಾ ನಮ್ಮ ಹೊಗೆ?" ಅಂತ ಕೇಳಿದ್ರು. ಪಕ್ಕದ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ಒಂದು ಸಣ್ಣ ರೈಲ್ವೆ ಕಂಪನಿ ಹಳೇ ಆಲ್ಕೋಗಳಲ್ಲೇ ಗೂಡ್ಸ್ ಎಳೆಯುತ್ತೆ. ಚಳಿಗಾಲದಲ್ಲಿ ಅಲ್ಲಿ ಕ್ಯಾಮೆರಾ ಹಿಡ್ಕೊಂಡು ನಿಂತಿರೋ ಬಿಳಿಗಡ್ಡದ ಅಜ್ಜಂದಿರ ಹತ್ರ ನಮ್ಮ ಘಾಟಿ ವಿಡಿಯೋ ತೋರಿಸಿದ್ರೆ ಬಿಡೋದೇ ಇಲ್ಲ.

ಸುರತ್ಕಲ್ ಲಾರಿ

ರೈಲಿನವರ ನಡುವೆ ಲಾರಿಯವನು ಬಂದಿದ್ದೇನೆ, ಬೇಸರ ಮಾಡಬೇಡಿ. ಕೊಂಕಣ ರೈಲ್ವೆಯ ರೋ-ರೋದಲ್ಲಿ ನಾನು ಹಲವು ಸಲ ಹೋದವ. ಲಾರಿಯನ್ನೇ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ನಾವು ಲಾರಿಯ ಸೀಟಿನಲ್ಲೇ ಕೂತು ಮಹಾರಾಷ್ಟ್ರದ ಕೊಲಾಡಿನವರೆಗೆ ಹೋಗುವುದು. 1999ರಲ್ಲಿ ಕೊಲಾಡ್–ವೆರ್ಣಾ ನಡುವೆ ಶುರುವಾದದ್ದು, ಆಮೇಲೆ ಸುರತ್ಕಲ್‌ವರೆಗೆ ಬಂತು. ಸ್ಟೇರಿಂಗ್ ಎದುರಿಗಿದ್ದೂ ಏನೂ ಮಾಡಲಿಕ್ಕಿಲ್ಲ, ಮೊದಲ ಸಲ ಕಾಲು ತನ್ನಷ್ಟಕ್ಕೆ ಬ್ರೇಕ್ ಹುಡುಕುತ್ತದೆ. ಡೀಸೆಲ್ ಇರುವಾಗ ಮುಂದಿನ ಲಾರಿಯವರಿಗೆ ಸುರಂಗದಲ್ಲಿ ಹೊಗೆ ಚೆನ್ನಾಗಿ ಸಿಗುತ್ತಿತ್ತು, ಡ್ರೈವರ್ ಅಣ್ಣ ಹೇಳಿದ್ದು ಸರಿ. 2022ರಲ್ಲಿ ಇಡೀ ಲೈನಿಗೆ ಕರೆಂಟು ಬಂದ ಮೇಲೆ ಆ ಉಪದ್ರ ಇಲ್ಲ.

ಹಿಂದಿನ ಡಬ್ಬಿ

ಗಾರ್ಡ್ ಆಗಿದ್ದೆ. 2022ರಿಂದ ಟ್ರೈನ್ ಮ್ಯಾನೇಜರ್ ಅಂತಾರೆ, ಅಷ್ಟರಲ್ಲಿ ನನ್ನ ಸರ್ವಿಸ್ ಮುಗಿದಿತ್ತು.

ಎಂಟನೇ ನಾಚ್ ಅವರೇ, ಬ್ಯಾಂಕರ್‌ನವರ ಕಷ್ಟ ಬರೆದ್ರಿ. ಬ್ಯಾಂಕರ್‌ಗೂ ವ್ಯಾಗನ್‌ಗೂ ಮಧ್ಯೆ ಒಬ್ಬ ಮನುಷ್ಯ ಕೂತಿರ್ತಾನೆ ಅನ್ನೋದು ನೆನಪಿರಲಿ. ಗೂಡ್ಸ್ ಬ್ರೇಕ್ ವ್ಯಾನ್ ಅಂದ್ರೆ ಕಬ್ಬಿಣದ ಗೂಡು. ಲೈಟಿಲ್ಲ, ಫ್ಯಾನಿಲ್ಲ, ಮಳೆ ಬಂದ್ರೆ ಒಳಗೂ ಮಳೆ. ಸಾಮಾನಿನ ಪೆಟ್ಟಿಗೆ, ಅಂದ್ರೆ ಲೈನ್ ಬಾಕ್ಸ್ ಮೇಲೆ ಕೂತು, ಕೈದೀಪದ ಬೆಳಕಲ್ಲಿ ಪ್ರಯಾಣದ ಜರ್ನಲ್ ಬರೀಬೇಕು. ಹಿಂದೆ ಆಲ್ಕೋ ಎಂಟನೇ ನಾಚ್‌ನಲ್ಲಿ ಗುಡುಗ್ತಿದ್ರೆ ಅಕ್ಷರ ಎಲ್ಲಾ ಇರುವೆ ಸಾಲು. ನನ್ನ ಹಳೇ ಜರ್ನಲ್ ತೋರಿಸಿದ್ರೆ ಯಾವ ಪುಟ ಘಾಟಿಯದ್ದು ಅಂತ ನೋಡಿದ ತಕ್ಷಣ ಹೇಳಬಹುದು.

ಅದಿರಿನ ಭರಾಟೆ ಕಾಲದಲ್ಲಿ ಮನೆಗೆ ಬಂದು ಸ್ನಾನ ಮಾಡಿದ್ರೆ ಬಕೆಟ್ ನೀರು ಕೆಂಪು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬಂದರಿಗೆ ಹೋಗ್ತಿದ್ದ ಅದಿರು ಗಾಡಿ ಇದ್ದಕ್ಕಿದ್ದ ಹಾಗೆ ಖಾಲಿ. ಓವರ್‌ಟೈಮ್ ಹೋಯ್ತು ಅಂತ ಕೆಲವರಿಗೆ ಬೇಜಾರು, ನನಗಂತೂ ನಿದ್ದೆ ಸಿಕ್ತು.

ಕ್ವಾರ್ಟರ್ಸ್ ಹುಡುಗಿ

ಎಲ್ಲರದ್ದೂ ಓದಿ ಬರೀತಿದ್ದೀನಿ. ನಮ್ಮಪ್ಪ ಗೂಡ್ಸ್ ಡ್ರೈವರ್. ಈಗಿಲ್ಲ. ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದವಳು ನಾನು. ರಾತ್ರಿ ಎರಡು ಗಂಟೆಗೆ ಡ್ಯೂಟಿಗೆ ಕರೆಯೋ ಕಾಲ್ ಬಾಯ್ ಬಂದು ಬಾಗಿಲು ತಟ್ಟಿ, ಪುಸ್ತಕಕ್ಕೆ ಸಹಿ ಹಾಕಿಸ್ಕೊಂಡು ಹೋಗ್ತಿದ್ದ. ಅಮ್ಮ ಎದ್ದು ಒಲೆ ಹಚ್ಚಿದ ಸದ್ದಿಗೆ ನಮಗೆ ಗೊತ್ತಾಗ್ತಿತ್ತು, ಅಪ್ಪ ಹೊರಟ್ರು ಅಂತ. ಕ್ಯಾರಿಯರ್‌ಗೆ ಚಪಾತಿ, ಬೇಗ ಹಳಸದ ಪಲ್ಯ, ಉಪ್ಪಿನಕಾಯಿ. ಮೊಸರನ್ನ ಇಲ್ಲ, ಅದು ಕ್ಯಾಬ್ ಶಾಖಕ್ಕೆ ಹುಳಿ ಬಂದುಬಿಡುತ್ತೆ. ಅಪ್ಪನ ಬಟ್ಟೆ ಮಾತ್ರ ಬೇರೆ ಬಕೆಟ್.

ನಾನು ಕೇಳ್ಬೇಕಾದ್ದು ಇದು. ಇಂಟರ್ನೆಟ್‌ನಲ್ಲಿ ಈ ಎಂಜಿನ್‌ಗಳ ಸಾವಿರಾರು ಫೋಟೋ ಇವೆ. ನಂಬರ್ ಹಾಕಿದ್ರೆ ಯಾವ ಶೆಡ್, ಯಾವ ವರ್ಷದ್ದು ಎಲ್ಲಾ ಸಿಗುತ್ತೆ. ಒಳಗೆ ಕೂತವರ ಮುಖ ಇರೋ ಫೋಟೋ ಒಂದೂ ಸಿಗ್ತಿಲ್ಲ. ನಮ್ಮ ಮನೇಲೂ ಅಪ್ಪ ಮದುವೆ, ನಾಮಕರಣದಲ್ಲಿ ನಿಂತಿರೋ ಫೋಟೋಗಳೇ. ಎಂಜಿನ್ ಜೊತೆ ಒಂದೂ ಇಲ್ಲ. ದೋಣಿಗಲ್ ಅಣ್ಣಾ, ನಿಮ್ಮ ಡಬ್ಬಿಯಲ್ಲಿ ಯಾರದ್ದಾದ್ರೂ ಇದೆಯಾ?

ದೋಣಿಗಲ್ ನೆಗೆಟಿವ್

ಹುಡುಕಿದೆ ಅಕ್ಕಾ. ಕಿಟಕಿಯಿಂದ ಆಚೆ ಬಂದ ಮೊಣಕೈ, ತಲೆಗೆ ಸುತ್ತಿದ ಟವೆಲ್, ಹಸಿರು ಬಾವುಟ, ಇಷ್ಟೇ. ಉದ್ದ ಮೂತಿ ಮುಂದೆ ಇಟ್ಕೊಂಡು ಬರೋ ಎಂಜಿನ್ ನಮಗೆ ಫೋಟೋಕ್ಕೆ ಇಷ್ಟ, ಅದರಲ್ಲಿ ಕ್ಯಾಬ್ ಹಿಂದುಗಡೆ ಇರುತ್ತೆ, ಮನುಷ್ಯರು ಕಾಣೋದೇ ಇಲ್ಲ.

ಎಂಟನೇ ನಾಚ್

ಆ ಉದ್ದ ಮೂತಿಯಿಂದ ನಮಗೂ ಏನೂ ಕಾಣ್ತಿರಲಿಲ್ಲ ಬಿಡಿ. ಕೆಲವು ತಿರುವಿನಲ್ಲಿ ಸಿಗ್ನಲ್ ಅಸಿಸ್ಟೆಂಟ್ ನೋಡಿ ಕೂಗಬೇಕು, ನಾನು ವಾಪಸ್ ಕೂಗಬೇಕು. ಮಗಳೇ, ಅಪ್ಪ ಡ್ಯೂಟಿಗೆ ಹಾಜರಿ ಹಾಕ್ತಿದ್ದ ಲಾಬಿ ಯಾವುದು ಅಂತ ಮೆಸೇಜ್ ಮಾಡು, ಇಲ್ಲಿ ಬರೀಬೇಡ. ನಮ್ಮ ಕಾಲದವರಾಗಿದ್ರೆ ಯಾರಾದ್ರೂ ಗುರುತು ಹಿಡೀತಾರೆ.

ಹಿಂದಿನ ಡಬ್ಬಿ

ಡ್ಯೂಟಿ ಮಧ್ಯೆ ನಾವು ಮಲಗ್ತಿದ್ದ ರನ್ನಿಂಗ್ ರೂಮಿನಲ್ಲಿ ಅಡುಗೆಯವರೂ ಸೇರಿ ತೆಗೆಸಿದ ಒಂದು ಗ್ರೂಪ್ ಫೋಟೋ ನನ್ನ ಹತ್ತಿರ ಇದೆ. ಡ್ರೈವರ್, ಅಸಿಸ್ಟೆಂಟ್, ಗಾರ್ಡ್ ಎಲ್ಲಾ ಇದ್ದಾರೆ, ಹಿಂದೆ ಡಬ್ಲ್ಯೂಡಿಎಂ-2 ಅರ್ಧ ಕಾಣುತ್ತೆ. ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದೀನಿ, ಮೊಬೈಲ್‌ನಲ್ಲಿ ತೆಗೆದ್ರೆ ಬರೀ ಟ್ಯೂಬ್‌ಲೈಟ್ ಪ್ರತಿಬಿಂಬ. ಏನು ಮಾಡೋದು?

ದೋಣಿಗಲ್ ನೆಗೆಟಿವ್

ಲ್ಯಾಮಿನೇಷನ್ ಬಿಚ್ಚೋಕೆ ಮಾತ್ರ ಹೋಗಬೇಡಿ ಸರ್, ಫೋಟೋನೇ ಕಿತ್ತು ಬರುತ್ತೆ. ಟ್ಯೂಬ್‌ಲೈಟ್, ಫ್ಲ್ಯಾಶ್ ಎರಡೂ ಆರಿಸಿ. ಹಗಲು ಕಿಟಕಿ ಪಕ್ಕ ಮೇಜಿನ ಮೇಲೆ ಇಡಿ, ಬೆಳಕು ಪಕ್ಕದಿಂದ ಬರಬೇಕು. ಒಂದು ಕಪ್ಪು ಬಟ್ಟೆಗೆ ತೂತು ಮಾಡಿ ಮೊಬೈಲ್ ಲೆನ್ಸ್ ಅದರಲ್ಲಿ ತೂರಿಸಿ, ನೇರ ಮೇಲಿಂದ ತೆಗೀರಿ. ಮೊದಲು ಇಡೀ ಫೋಟೋ, ಆಮೇಲೆ ಹತ್ತಿರ ಹೋಗಿ ಒಂದೊಂದು ಸಾಲು ಮುಖ ಬೇರೆ ಬೇರೆ. ಅದರಲ್ಲಿರೋರ ಮನೆಯವರನ್ನ ಕೇಳದೆ ಇಲ್ಲಿ ಹಾಕಬೇಡಿ, ಮೊದಲು ಕ್ವಾರ್ಟರ್ಸ್ ಅಕ್ಕನಿಗೆ ಕಳಿಸಿ. ಎಂಜಿನ್ ನಂಬರ್ ಕಂಡ್ರೆ ಕಾಕಾಗೂ ಒಂದು ಕಾಪಿ.

ಶೆಡ್ ಕಾಕಾ, ಹುಬ್ಬಳ್ಳಿ

ನಂಬರ್ ಕಾಣದಿದ್ರೂ ಕಳಸ್ರಿ.